ಚೀಟಿಯಲ್ಲಿ ‘ಓ ಪಾಸಿಟಿವ್’, ರಕ್ತದಲ್ಲಿ ಬೇರೆ: ಸಕ್ಕರೆ ಅಂಟಿಸುವ ಕಿಣ್ವ ಮತ್ತು ನಮ್ಮ ಜಿಲ್ಲೆಗಳ ಬ್ಲಡ್ ಬ್ಯಾಂಕ್

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ರಕ್ತ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕೋಲಾರದ ಒಬ್ಬ ಮಹಿಳೆಯ ರಕ್ತದ ವಿಷಯ ಅಲ್ಲಿ ಪ್ರಪಂಚಕ್ಕೆ ತಿಳಿಯಿತು. ಅವರು ಹೃದಯದ ಆಪರೇಷನ್‌ಗೆಂದು ಕೋಲಾರದ ಆಸ್ಪತ್ರೆಗೆ ಸೇರಿದ್ದರು. ರಕ್ತ ಪರೀಕ್ಷೆಯಲ್ಲಿ ಓ ಪಾಸಿಟಿವ್ ಅಂತ ಬಂತು. ನಮ್ಮಲ್ಲಿ ಸುಲಭವಾಗಿ ಸಿಗುವ ಗುಂಪು ಅದು. ಆದರೆ ಯಾವ ಓ ಪಾಸಿಟಿವ್ ರಕ್ತ ತಂದು ಕ್ರಾಸ್ ಮ್ಯಾಚ್ ಮಾಡಿದರೂ, ಅಂದರೆ ಅವರ ರಕ್ತದ ಜೊತೆ ಬೆರೆಸಿ ನೋಡಿದರೂ, ಹೊಂದಲಿಲ್ಲ. ಸ್ಯಾಂಪಲ್ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಹೋಯಿತು. ಅವರ ಮನೆಯವರಲ್ಲಿ 20 ಜನರ ರಕ್ತವನ್ನು ನೋಡಿದರು. ಒಬ್ಬರದೂ ಹೊಂದಲಿಲ್ಲ. ಅಲ್ಲಿಂದ ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಪ್ರಯೋಗಾಲಯಕ್ಕೆ ಹೋಯಿತು. ಸುಮಾರು ಹತ್ತು ತಿಂಗಳು ಹುಡುಕಿದ ಮೇಲೆ ಕಾರಣ ಸಿಕ್ಕಿತು. ಉಳಿದವರ ರಕ್ತದಲ್ಲೆಲ್ಲ ಇರುವ, ಆದರೆ ಯಾರೂ ಅದುವರೆಗೆ ಗುರುತಿಸದ ಒಂದು ಅಂಶ ಇವರ ರಕ್ತದಲ್ಲಿ ಇರಲಿಲ್ಲ. ಅದಕ್ಕೆ ‘ಕ್ರಿಬ್’ ಅಂತ ಹೆಸರಿಟ್ಟರು. ಎ, ಬಿ, ಓ ಅಲ್ಲದೆ ರಕ್ತವನ್ನು ವಿಂಗಡಿಸುವ ಬೇರೆ ವ್ಯವಸ್ಥೆಗಳೂ ಇವೆ. ಅಂಥ ಕ್ರಾಮರ್ ಎಂಬ ರಕ್ತ ಗುಂಪಿನ ವ್ಯವಸ್ಥೆಯ ಮೊದಲ ಅಕ್ಷರಗಳ ಜೊತೆ ಇಂಡಿಯಾ ಮತ್ತು ಬೆಂಗಳೂರಿನ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ವೈದ್ಯರು ಹೊರಗಿನ ರಕ್ತ ಒಂದು ಹನಿಯೂ ಕೊಡದೆ ಆಪರೇಷನ್ ಮುಗಿಸಿದ್ದರು.

ಪ್ರಪಂಚದಲ್ಲೇ ಮೊದಲು ಅಂತ ಎಲ್ಲ ಕಡೆ ಸುದ್ದಿಯಾಯಿತು. ಆದರೆ ನನ್ನನ್ನು ಕಾಡಿದ್ದು ‘ಓ ಪಾಸಿಟಿವ್’ ಅಂತ ಬರೆದ ಆ ಚೀಟಿ. ಅದರಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ, ಆದರೆ ಅಷ್ಟೇ ನಂಬಿ ರಕ್ತ ಕೊಡುವಂತಿರಲಿಲ್ಲ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದಲ್ಲಿ ಇಂಥ ಚೀಟಿ ಹಿಡಿದು ಓಡಾಡುವವರಲ್ಲಿ ‘ಬಾಂಬೆ ಗುಂಪು’ ಎಂಬ ಇನ್ನೊಂದು ಬಗೆಯ ಅಪರೂಪದ ರಕ್ತದವರೂ ಇರುತ್ತಾರೆ. ಕ್ರಿಬ್‌ನಂಥವರಿಗಿಂತ ಅವರ ಸಂಖ್ಯೆ ಜಾಸ್ತಿ. ಅವರನ್ನು ಗುರುತಿಸಲು ಬ್ರಿಸ್ಟಲ್‌ವರೆಗೆ ಹೋಗಬೇಕಿಲ್ಲ, ನಮ್ಮ ಜಿಲ್ಲೆಯಲ್ಲೇ ಆಗುತ್ತದೆ. ಅದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಮೈಯಲ್ಲಿರುವ ಒಂದು ಪುಟ್ಟ ಕಿಣ್ವದ (ಎಂಜೈಮ್) ಪರಿಚಯ ಆಗಬೇಕು.

ಕೆಂಪು ರಕ್ತಕಣದ ಮೈ ನುಣುಪಾಗಿ ಇರುವುದಿಲ್ಲ. ಅದರ ತುಂಬ ಪ್ರೋಟೀನ್‌ಗಳು ಹೊರಚಾಚಿರುತ್ತವೆ. ಆ ಪ್ರೋಟೀನ್‌ಗಳ ಮೇಲೆ ಸಕ್ಕರೆಯ ಸರಪಳಿಗಳು ಕವಲೊಡೆದು ನಿಂತಿರುತ್ತವೆ. ಸ್ವಲ್ಪ ಭಾಗ ಕಣದ ಕೊಬ್ಬಿನ ಪದರಕ್ಕೂ ಅಂಟಿರುತ್ತದೆ. ಕಾಫಿಗೆ ಹಾಕುವ ಸಕ್ಕರೆ ಅಂತ ತಿಳಿಯಬೇಡಿ. ಗ್ಯಾಲಕ್ಟೋಸ್, ಫ್ಯೂಕೋಸ್, ಮ್ಯಾನೋಸ್ ಅಂತ ಬೇರೆ ಬೇರೆ ಸಕ್ಕರೆಗಳಿವೆ. ಶುಗರ್ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಈ ಸರಪಳಿಯ ತುದಿಯಲ್ಲಿ ಯಾವ ಸಕ್ಕರೆ ಕೂತಿದೆ ಅನ್ನುವುದರ ಮೇಲೆ ನಮ್ಮ ಎ, ಬಿ, ಓ ಬ್ಲಡ್ ಗ್ರೂಪ್ ನಿರ್ಧಾರವಾಗುತ್ತದೆ. ಆ ತುದಿಯ ಸಕ್ಕರೆಯನ್ನು ಕೂರಿಸುವುದು ಒಂದು ಕಿಣ್ವ. ಮೂಳೆಯ ಮಜ್ಜೆಯಲ್ಲಿ ರಕ್ತಕಣ ತಯಾರಾಗುವಾಗ ಜೀವಕೋಶದೊಳಗಿನ ಗಾಲ್ಜಿ ಎಂಬ ಭಾಗದಲ್ಲಿ ಈ ಕೆಲಸ ನಡೆಯುತ್ತದೆ.

ಆಸ್ಟ್ರಿಯಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು 1901ರಲ್ಲಿ ಪ್ರಕಟಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಆದರೆ ಗುಂಪುಗಳ ನಡುವಿನ ವ್ಯತ್ಯಾಸ ಸಕ್ಕರೆಯಲ್ಲಿದೆ ಅಂತ ಖಚಿತವಾಗಲು ಅರ್ಧ ಶತಮಾನ ಬೇಕಾಯಿತು. 1950ರ ದಶಕದಲ್ಲಿ ಲಂಡನ್ನಿನ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಅದನ್ನು ಬಿಡಿಸಿದರು. ಕಿಣ್ವದ ಜೀನ್ ಅನ್ನು ಫುಮಿಇಚಿರೊ ಯಾಮಮೊಟೊ ಮತ್ತವರ ತಂಡ 1990ರಲ್ಲಿ ಓದಿತು. ಅದು 9ನೇ ಕ್ರೋಮೋಸೋಮ್‌ನಲ್ಲಿದೆ.

ಓದಿದಾಗ ಕಂಡದ್ದು ನಿಜಕ್ಕೂ ಸೋಜಿಗ. ಈ ಕಿಣ್ವ 354 ಅಮೈನೋ ಆಮ್ಲಗಳ ಒಂದು ಸರ. ಎ ಗುಂಪಿನವರ ಕಿಣ್ವಕ್ಕೂ ಬಿ ಗುಂಪಿನವರ ಕಿಣ್ವಕ್ಕೂ ಅದರಲ್ಲಿ ನಾಲ್ಕೇ ನಾಲ್ಕು ಕಡೆ ವ್ಯತ್ಯಾಸ. ಅದರಲ್ಲೂ 266 ಮತ್ತು 268ನೇ ಜಾಗದ ಎರಡು ಬದಲಾವಣೆಗಳೇ ಮುಖ್ಯ. ಅಷ್ಟರಿಂದ ಎ ಕಿಣ್ವ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯನ್ನು ಆರಿಸಿ ಅಂಟಿಸುತ್ತದೆ. ಬಿ ಕಿಣ್ವ ಬರೀ ಗ್ಯಾಲಕ್ಟೋಸ್ ಅಂಟಿಸುತ್ತದೆ. ಎರಡೂ ಇದ್ದವರು ಎಬಿ. ಹಾಗಾದರೆ ಓ? ಅವರಲ್ಲೂ ಅದೇ ಜೀನ್ ಇರುತ್ತದೆ. ಆದರೆ ಹೆಚ್ಚಿನವರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಜೀನ್ ಅನ್ನು ಮೂರು ಮೂರು ಅಕ್ಷರವಾಗಿ ಓದಬೇಕಲ್ವಾ, ಒಂದು ಬಿಟ್ಟರೆ ಮುಂದಿನದ್ದೆಲ್ಲ ಕಲಸಿಹೋಗುತ್ತದೆ. ಕಿಣ್ವ ಅರ್ಧಕ್ಕೇ ನಿಂತುಹೋಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನ ದಾನಿಗಳನ್ನು ನೋಡಿದರೆ ಹತ್ತರಲ್ಲಿ ಸುಮಾರು ನಾಲ್ಕು ಜನ ಓ ಗುಂಪಿನವರು. ಅಷ್ಟೂ ಜನ ಈ ಕಿಣ್ವ ಇಲ್ಲದೆಯೇ ಆರಾಮಾಗಿ ಬದುಕುತ್ತಿದ್ದಾರೆ.

ಹಾಗಂತ ಇದು ಸುಮ್ನೆ ಅಲಂಕಾರ ಅಂತ ಹೇಳುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನ್ ಮೇಲೂ ಇದೇ ಕಿಣ್ವ ಸಕ್ಕರೆ ಕೂರಿಸುತ್ತದೆ. ಓ ಗುಂಪಿನವರಲ್ಲಿ ಆ ಪ್ರೋಟೀನ್ ಉಳಿದವರಿಗಿಂತ ಸುಮಾರು ಕಾಲು ಭಾಗ ಕಡಿಮೆ ಇರುತ್ತದೆ. ಅದಕ್ಕೇ ಅವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಕಾಯಿಲೆ ಸ್ವಲ್ಪ ಕಡಿಮೆ. ಮಲೇರಿಯಾ ಬಂದರೂ ಪ್ರಾಣಕ್ಕೆ ಕುತ್ತಾಗುವ ಸಂಭವ ಅವರಿಗೆ ಕಡಿಮೆ ಅನ್ನುವುದೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ಬ್ಲಡ್ ಗ್ರೂಪ್ ನೋಡಿ ಊಟ ಮಾಡಿ, ಸ್ವಭಾವ ಹೇಳ್ತೀವಿ ಅನ್ನುವವರ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಈ ವಿಷಯದಲ್ಲಿ ನಮ್ಮ ಬಯಲುಸೀಮೆಯ ಹುರುಳಿಗೂ ಪಾಲಿದೆ. ಇದನ್ನು ನಮ್ಮ ಕಡೆಯ ಮಕ್ಕಳಿಗೆ ಶಾಲೆಯಲ್ಲಿ ಹೇಳಬೇಕು ಅಂತ ನನಗೆ ತುಂಬ ಆಸೆ. ಹುರುಳಿಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅದು ಎ ಕಿಣ್ವ ಅಂಟಿಸುವ ಸಕ್ಕರೆಯನ್ನೇ ಹುಡುಕಿ ಹಿಡಿಯುತ್ತದೆ. ಆ ಸಕ್ಕರೆ ಇರುವ ಕಣಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಬರ್ಡ್ ಎಂಬ ಸಂಶೋಧಕರು ಇದನ್ನು 1951ರಲ್ಲಿ ವರದಿ ಮಾಡಿದರು. ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಎ ಗುಂಪಿನಲ್ಲೇ ಎ1, ಎ2 ಅಂತ ಎರಡು ಬಗೆ ಇವೆ. ಎ2ರವರ ಕಿಣ್ವ ನಿಧಾನ, ಸಕ್ಕರೆ ಕಡಿಮೆ ಕೂರಿಸುತ್ತದೆ. ಹುರುಳಿಯ ರಸವನ್ನು ಹದವಾಗಿ ತೆಳು ಮಾಡಿ ಹಾಕಿದರೆ ಎ1 ಕಣಗಳು ಮಾತ್ರ ಗಂಟಾಗುತ್ತವೆ. ಪ್ರಪಂಚದ ಬ್ಲಡ್ ಬ್ಯಾಂಕ್‌ಗಳಲ್ಲಿ ಇವತ್ತಿಗೂ ಎ1 ಪತ್ತೆಗೆ ಈ ಕಾಳಿನ ಲೆಕ್ಟಿನ್ ಬಳಕೆಯಲ್ಲಿದೆ. ಪಾವಗಡ, ಶಿರಾ, ಬಾಗೇಪಲ್ಲಿಯ ಹೊಲದಲ್ಲಿ ಮಳೆ ಕೈಕೊಟ್ಟ ವರ್ಷ ಕೈಹಿಡಿಯುವ ಬೆಳೆ ಇದು. ಅಂದಹಾಗೆ ಹುರುಳಿ ಸಾರು ಉಂಡರೆ ರಕ್ತಕ್ಕೆ ಏನೂ ಆಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಲೆಕ್ಟಿನ್ ಕೆಡುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಎ ಕಿಣ್ವವಾಗಲಿ ಬಿ ಕಿಣ್ವವಾಗಲಿ ತಮ್ಮ ಸಕ್ಕರೆಯನ್ನು ಎಲ್ಲೆಂದರಲ್ಲಿ ಅಂಟಿಸುವುದಿಲ್ಲ. ಸರಪಳಿಯ ತುದಿಗೆ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಕೂತಿರಬೇಕು. ಹಾಗೆ ಕೂತ ರಚನೆಗೆ ಎಚ್ ಅಂತ ಹೆಸರು. ಅದನ್ನು ಕೂರಿಸುವುದು ಇನ್ನೊಂದು ಕಿಣ್ವ. ಅದರ ಜೀನ್ ಎಫ್‌ಯುಟಿ1, ಇರುವುದು 19ನೇ ಕ್ರೋಮೋಸೋಮ್‌ನಲ್ಲಿ. ಓ ಗುಂಪಿನವರಲ್ಲಿ ಎಚ್ ಹಾಗೇ ಬರಿದಾಗಿ ಉಳಿದಿರುತ್ತದೆ. ಎ, ಬಿ ಗುಂಪಿನವರಲ್ಲಿ ಅದರ ಮೇಲೆ ಇನ್ನೊಂದು ಸಕ್ಕರೆ ಸೇರಿರುತ್ತದೆ. ಈ ಮೊದಲನೇ ಕಿಣ್ವವೇ ಕೆಟ್ಟಿದ್ದರೆ? ಆಗ ಎ, ಬಿ ಕಿಣ್ವ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಗೋಡೆಯಲ್ಲಿ ಮೊಳೆಯೇ ಇಲ್ಲದಿದ್ದರೆ ಕ್ಯಾಲೆಂಡರ್ ಕೈಯಲ್ಲಿದ್ದು ಏನು ಮಾಡುವುದು?

ಇಂಥವರನ್ನು ಮೊದಲು ಗುರುತಿಸಿದ್ದು ಮುಂಬೈನಲ್ಲಿ. ವೈ. ಎಂ. ಭೇಂಡೆ ಮತ್ತವರ ಸಂಗಡಿಗರು 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದಕ್ಕೇ ಇದನ್ನು ಬಾಂಬೆ ಬ್ಲಡ್ ಗ್ರೂಪ್ ಅನ್ನುತ್ತಾರೆ. ಭಾರತದಲ್ಲಿ ಸುಮಾರು 10,000 ಜನರಿಗೆ ಒಬ್ಬರು ಅಂತ ಅಂದಾಜು. ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು. ಭಾರತದ ಬಾಂಬೆ ಗುಂಪಿನವರಲ್ಲಿ ಹೆಚ್ಚಾಗಿ ಕಾಣುವ ದೋಷ ತೀರಾ ಸಣ್ಣದು. ಎಫ್‌ಯುಟಿ1 ಜೀನ್‌ನ 725ನೇ ಅಕ್ಷರ ಬದಲಾಗಿರುತ್ತದೆ, ಅಷ್ಟೇ.

ಇವರ ಆರೋಗ್ಯಕ್ಕೆ ಏನೂ ಕೊರತೆ ಇಲ್ಲ. ರಕ್ತ ಬೇಕಾದಾಗ ಮಾತ್ರ ಕಷ್ಟ. ಎಚ್ ಇಲ್ಲದ ಕಾರಣ ಅವರ ದೇಹಕ್ಕೆ ಎಚ್ ಅಂದರೆ ಹೊರಗಿನ ವಸ್ತು. ಅದರ ವಿರುದ್ಧ ಜೋರಾದ ಪ್ರತಿಕಾಯ (ಆಂಟಿಬಾಡಿ) ಅವರ ರಕ್ತದಲ್ಲಿ ಸದಾ ಇರುತ್ತದೆ. ಎಚ್ ಅತಿ ಹೆಚ್ಚು ಇರುವುದು ಓ ರಕ್ತದಲ್ಲಿ. ‘ಓ ಯಾರಿಗಾದರೂ ಕೊಡಬಹುದು’ ಅಂತ ನಾವೆಲ್ಲ ಕಲಿತಿದ್ದೇವೆ ಅಲ್ವಾ, ಇವರಿಗೆ ಅದನ್ನು ಕೊಟ್ಟರೆ ಕಣಗಳು ರಕ್ತನಾಳದೊಳಗೇ ಒಡೆಯುತ್ತವೆ. ಮೂತ್ರಪಿಂಡ ನಿಲ್ಲಬಹುದು, ಜೀವವೇ ಹೋಗಬಹುದು. ಇವರಿಗೆ ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತವೇ ಆಗಬೇಕು.

ಫ್ಯೂಕೋಸ್ ಬರೀ ರಕ್ತದ ಗುಂಪಿಗೆ ಸೀಮಿತವಲ್ಲ ಅನ್ನುವುದಕ್ಕೆ ಇನ್ನೊಂದು ಅಪರೂಪದ ಕಾಯಿಲೆ ಸಾಕ್ಷಿ. ಆ ಮಕ್ಕಳಲ್ಲಿ ಕಿಣ್ವ ಸರಿಯಿರುತ್ತದೆ, ಆದರೆ ಫ್ಯೂಕೋಸ್ ಗಾಲ್ಜಿಯೊಳಗೆ ಹೋಗುವ ದಾರಿ ಮುಚ್ಚಿರುತ್ತದೆ. ಯಾವ ಪ್ರೋಟೀನಿಗೂ ಫ್ಯೂಕೋಸ್ ಸರಿಯಾಗಿ ಸಿಗುವುದಿಲ್ಲ. ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಇಳಿಯಲಾರವು. ಮಕ್ಕಳಿಗೆ ಮತ್ತೆ ಮತ್ತೆ ಸೋಂಕು, ಬೆಳವಣಿಗೆ ನಿಧಾನ. ಅವರ ರಕ್ತ ಪರೀಕ್ಷಿಸಿದರೂ ಬಾಂಬೆ ಗುಂಪು ಅಂತಲೇ ಬರುತ್ತದೆ.

ಈಗ ನಮ್ಮೂರಿನ ಲ್ಯಾಬ್‌ನಲ್ಲಿ ಏನಾಗುತ್ತದೆ ನೋಡಿ. ಬೆರಳು ಚುಚ್ಚಿ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ಮೂರು ಕಡೆ ಹಾಕುತ್ತಾರೆ. ಅದರ ಮೇಲೆ ಎ ಕಣಗಳನ್ನು ಗಂಟು ಹಾಕುವ ನೀಲಿ ಬಣ್ಣದ ಆಂಟಿ-ಎ ಒಂದು ಹನಿ, ಬಿ ಕಣಗಳನ್ನು ಗಂಟು ಹಾಕುವ ಹಳದಿ ಬಣ್ಣದ ಆಂಟಿ-ಬಿ ಒಂದು ಹನಿ, ಪಾಸಿಟಿವ್ ಹೌದೋ ಅಲ್ಲವೋ ತಿಳಿಸುವ ಬಣ್ಣವಿಲ್ಲದ ಆಂಟಿ-ಡಿ ಒಂದು ಹನಿ. ಎ, ಬಿ ಎರಡರಲ್ಲೂ ಗಂಟಾಗಲಿಲ್ಲ, ಡಿಯಲ್ಲಿ ಗಂಟಾಯಿತು. ಚೀಟಿಯಲ್ಲಿ ‘ಓ ಪಾಸಿಟಿವ್’. ಬಾಂಬೆ ಗುಂಪಿನವರಿಗೂ ಇದೇ ಫಲಿತಾಂಶ ಬರುತ್ತದೆ. ಯಾಕೆಂದರೆ ಈ ಪರೀಕ್ಷೆ ಎ ಮತ್ತು ಬಿ ಇದೆಯೇ ಅಂತ ಮಾತ್ರ ಕೇಳುತ್ತದೆ. ಎಚ್ ಇದೆಯೇ ಅಂತ ಕೇಳುವುದೇ ಇಲ್ಲ.

ಕೇಳಲು ದುಬಾರಿ ಯಂತ್ರವೇನೂ ಬೇಡ. ರಿವರ್ಸ್ ಗ್ರೂಪಿಂಗ್ ಅನ್ನುವ ಹಳೆಯ ಪರೀಕ್ಷೆ ಇದೆ. ರೋಗಿಯ ರಕ್ತದ ತಿಳಿಯನ್ನು ಬೇರೆ ಮಾಡಿ, ಗೊತ್ತಿರುವ ಎ ಕಣ, ಬಿ ಕಣ, ಓ ಕಣಗಳ ಜೊತೆ ಟೆಸ್ಟ್ ಟ್ಯೂಬ್‌ನಲ್ಲಿ ಬೆರೆಸಿ ನೋಡುವುದು. ನಿಜವಾದ ಓ ಗುಂಪಿನವರ ತಿಳಿ ಎ ಮತ್ತು ಬಿ ಕಣಗಳನ್ನು ಗಂಟು ಹಾಕುತ್ತದೆ, ಓ ಕಣಗಳನ್ನು ಮುಟ್ಟುವುದಿಲ್ಲ. ಬಾಂಬೆ ಗುಂಪಿನವರ ತಿಳಿ ಓ ಕಣಗಳನ್ನೂ ಗಂಟು ಹಾಕುತ್ತದೆ. ಅಷ್ಟಾದರೆ ಸಂಶಯ ಬಂತು ಅಂತಲೇ ಅರ್ಥ. ಖಾತ್ರಿ ಮಾಡಲು ಗಾರ್ಸ್ ಎಂಬ ಮುಳ್ಳುಗಿಡದ ಬೀಜದ ಲೆಕ್ಟಿನ್ ಇದೆ, ಅದು ಎಚ್ ಅನ್ನು ಹಿಡಿಯುತ್ತದೆ. ಆ ಗಿಡ ಊಟಿಯ ಬೆಟ್ಟಗಳಲ್ಲೂ ಕಳೆಯಾಗಿ ಹಬ್ಬಿದೆ. ಕೋಲಾರದ ಮಹಿಳೆಗಿದ್ದಂಥ ಬೇರೆ ಬಗೆಯ ಪ್ರತಿಕಾಯದ ಸುಳಿವು ಕೊಡಲು ಆಂಟಿಬಾಡಿ ಸ್ಕ್ರೀನಿಂಗ್ ಎಂಬ ಪರೀಕ್ಷೆ ಇದೆ. ಅದಕ್ಕೆ ಬೇಕಾದ ಕಣಗಳು ಸಿದ್ಧವಾಗಿಯೇ ಸಿಗುತ್ತವೆ.

ದಾನಿಗಳ ರಕ್ತಕ್ಕೆ ಎರಡೂ ಕಡೆಯಿಂದ ಗ್ರೂಪಿಂಗ್ ಮಾಡುವುದು ಬ್ಲಡ್ ಬ್ಯಾಂಕ್‌ಗಳ ಮಾನ್ಯ ಪದ್ಧತಿ. ತೊಂದರೆ ಇರುವುದು ಅದರ ಹೊರಗೆ. ಶಿಬಿರದಲ್ಲಿ, ಸಣ್ಣ ಲ್ಯಾಬ್‌ನಲ್ಲಿ, ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಸ್ಲೈಡ್ ನೋಡಿ ಬರೆದುಕೊಟ್ಟದ್ದೇ ಜೀವಮಾನವಿಡೀ ಉಳಿಯುತ್ತದೆ. ಡ್ರೈವಿಂಗ್ ಲೈಸೆನ್ಸ್‌ಗೆ, ಐಡಿ ಕಾರ್ಡ್‌ಗೆ ಅದೇ ಹೋಗುತ್ತದೆ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಸ್ಲೈಡ್ ತಪ್ಪಿದರೂ ಕ್ರಾಸ್ ಮ್ಯಾಚ್ ಹಿಡಿಯುತ್ತದೆ. ಚೀಲದ ರಕ್ತವನ್ನು ರೋಗಿಯ ರಕ್ತದ ತಿಳಿಯ ಜೊತೆ ಬೆರೆಸಿದಾಗ ಗಂಟು ಕಾಣುತ್ತದೆ, ಟೆಕ್ನಿಷಿಯನ್ ನಿಲ್ಲಿಸುತ್ತಾರೆ. ಹಾಗಾಗಿ ತಪ್ಪು ರಕ್ತ ಹೋಗಿಯೇ ಬಿಡುತ್ತದೆ ಅಂತ ಹೆದರಿಸುವುದು ಸರಿಯಲ್ಲ. ಆದರೆ ಗೊತ್ತಾಗುವುದು ಯಾವಾಗ? ಹೆರಿಗೆಯಲ್ಲಿ ರಕ್ತಸ್ರಾವ ಆಗುತ್ತಿರುವಾಗ. ಹೆದ್ದಾರಿಯಲ್ಲಿ ಅಪಘಾತವಾಗಿ ಆಸ್ಪತ್ರೆಗೆ ತಂದಾಗ. ಕ್ರಾಸ್ ಮ್ಯಾಚ್‌ಗೂ ಸಮಯವಿಲ್ಲದೆ ನೇರ ಓ ರಕ್ತ ಏರಿಸುವ ತುರ್ತೂ ಇರುತ್ತದೆ. ಮುಳಬಾಗಿಲಿನಲ್ಲೋ ಮಧುಗಿರಿಯಲ್ಲೋ ರಾತ್ರಿ ಹೊತ್ತು ಇದು ಗೊತ್ತಾದರೆ ಹೊಂದುವ ರಕ್ತವನ್ನು ಎಲ್ಲಿಂದ ತರುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವುದು ಹೆಚ್ಚಾಗಿ ರಕ್ತ ಶೇಖರಣಾ ಘಟಕ. ಬೇರೆ ಕಡೆಯಿಂದ ಬಂದ ಚೀಲಗಳನ್ನು ಇಟ್ಟು ಕೊಡುವ ಜಾಗ ಅದು, ದೊಡ್ಡ ಬ್ಲಡ್ ಬ್ಯಾಂಕ್ ಅಲ್ಲ. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೇ ಸುಮಾರು 100 ಕಿಲೋಮೀಟರ್.

ನಮ್ಮ ಕಡೆ ಇದಕ್ಕೆ ಇನ್ನೂ ಜಾಸ್ತಿ ಗಮನ ಬೇಕು ಅನ್ನಲು ಕಾರಣವಿದೆ. ಬಾಂಬೆ ಗುಂಪು ಬರಬೇಕಾದರೆ ಕೆಟ್ಟ ಎಫ್‌ಯುಟಿ1 ಜೀನ್ ಅಪ್ಪನಿಂದಲೂ ಅಮ್ಮನಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಏನೂ ತಿಳಿಯುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಇವತ್ತಿಗೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನರದ್ದು ರಕ್ತಸಂಬಂಧದ ಮದುವೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನ್‌ಗಳು ಒಂದೇ ಮೂಲದವು. ಸೋದರತ್ತೆ, ಸೋದರಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಭಾಗ. ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹಾಗೆ ಹೆಚ್ಚುತ್ತದೆ. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಇಂಥ ಮನೆಗಳು ಎಲ್ಲಿವೆ ಅಂತ ಗೊತ್ತಿದ್ದರೆ ಅಪರೂಪದ ರಕ್ತವನ್ನು ಅಲ್ಲೇ ಮೊದಲು ಹುಡುಕಬಹುದು. ಒಬ್ಬರಿಗೆ ಬಾಂಬೆ ಗುಂಪು ಇದ್ದರೆ ಅವರ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದೇ ಇರುವ ಸಂಭವ ನಾಲ್ಕರಲ್ಲಿ ಒಂದು. ಊರಿಡೀ ಹುಡುಕಿದರೂ ಸಿಗದ ದಾನಿ ತಮ್ಮನೋ ತಂಗಿಯೋ ಆಗಿರಬಹುದು. ಕೋಲಾರದ ಮಹಿಳೆಯ ವಿಷಯದಲ್ಲಿ ಮನೆಯಲ್ಲೂ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಅವರದ್ದು ಸಕ್ಕರೆ ಅಂಟಿಸುವ ಕಿಣ್ವದ ದೋಷವಲ್ಲ, ಸಿಡಿ55 ಎಂಬ ಪ್ರೋಟೀನಿನಲ್ಲೇ ಇರುವ ವ್ಯತ್ಯಾಸ.

ಆದರೂ ಸಕ್ಕರೆ ಇಲ್ಲೂ ಬಿಟ್ಟಿಲ್ಲ. ಆ ಸಿಡಿ55 ಕಣದ ಮೈಗೆ ಅಂಟಿರುವುದು ಜಿಪಿಐ ಎಂಬ ಕೊಂಡಿಯಿಂದ. ಮ್ಯಾನೋಸ್ ಸಕ್ಕರೆಗಳು ಸೇರಿ ಆದ ಕೊಂಡಿ ಅದು. ಅದೇ 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇನ್ನೊಬ್ಬ ಮಹಿಳೆಯ ರಕ್ತವೂ ಹೊಸದಾಗಿ ದಾಖಲಾಯಿತು. ಕೆರಿಬಿಯನ್ ದ್ವೀಪ ಗ್ವಾಡಲೂಪ್ ಮೂಲದವರು ಅವರು. ಫ್ರಾನ್ಸ್‌ನಲ್ಲಿ 2011ರಲ್ಲಿ ಆಪರೇಷನ್‌ಗೆ ಮುಂಚಿನ ಪರೀಕ್ಷೆಯಲ್ಲಿ ವಿಚಿತ್ರ ಪ್ರತಿಕಾಯ ಕಂಡಿತ್ತು. ಕಾರಣ ಹುಡುಕಲು ಡಿಎನ್‌ಎ ಓದುವ ಹೊಸ ಯಂತ್ರಗಳೇ ಬರಬೇಕಾಯಿತು. ಆ ಜಿಪಿಐ ಕೊಂಡಿಗೆ ನಾಲ್ಕನೇ ಮ್ಯಾನೋಸ್ ಅಂಟಿಸುವ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅದನ್ನು 48ನೇ ರಕ್ತ ಗುಂಪಿನ ವ್ಯವಸ್ಥೆಯಾಗಿ ಒಪ್ಪಿಕೊಂಡರು.

ಅಂಟಿಸಿದ ಸಕ್ಕರೆಯನ್ನು ಕಿತ್ತು ಎಲ್ಲ ರಕ್ತವನ್ನೂ ಓ ಮಾಡಿಬಿಡುವ ಪ್ರಯತ್ನವೂ ನಡೆದಿದೆ. 1982ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹಸಿ ಕಾಫಿ ಬೀಜದ ಕಿಣ್ವದಿಂದ ಬಿ ರಕ್ತವನ್ನು ಓ ಮಾಡಿದರು. ನಮ್ಮ ಕರುಳಲ್ಲಿರುವ ಬ್ಯಾಕ್ಟೀರಿಯಾಗಳ ಕಿಣ್ವಗಳಿಂದ ಇನ್ನೂ ಚೆನ್ನಾಗಿ ಆಗುತ್ತದೆ ಅಂತ 2019ರಲ್ಲಿ ಕೆನಡಾದವರು, 2024ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ತಂಡ ತೋರಿಸಿದರು. ರಕ್ತದ ಕೊರತೆ ನೀಗಲು ಇದು ಒಳ್ಳೆಯ ದಾರಿ. ಆದರೆ ಬಾಂಬೆ ಗುಂಪಿನವರಿಗೆ ಇದರಿಂದ ಲಾಭವಿಲ್ಲ. ಅವರಿಗೆ ಓ ರಕ್ತವೇ ಆಗದಲ್ಲ. ಸದ್ಯಕ್ಕೆ ಅವರಿಗೆ ಅವರಂಥ ದಾನಿಗಳೇ ದಿಕ್ಕು.

ದಾನಿಗಳ ಪಟ್ಟಿ ಮಾಡುವ ಕೆಲಸ ಶುರುವಾಗಿದೆ. ಮುಂಬೈನಲ್ಲಿರುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಕ್ತ ಸಂಶೋಧನಾ ಸಂಸ್ಥೆ ಅಪರೂಪದ ದಾನಿಗಳ ನೋಂದಣಿ ಕಟ್ಟುತ್ತಿದೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ಗುಂಪಿನ ದಾನಿಗಳನ್ನು ದೇಶದ ಎಲ್ಲೆಡೆ ಜೋಡಿಸುತ್ತಾ ಬಂದಿದೆ. ಆದರೆ ಪಟ್ಟಿಗೆ ಹೆಸರು ಸೇರಬೇಕಾದರೆ ಮೊದಲು ಆ ಮನುಷ್ಯ ಬಾಂಬೆ ಗುಂಪು ಅಂತ ಯಾರಾದರೂ ಗುರುತಿಸಬೇಕಲ್ವಾ? ಸ್ಲೈಡ್ ಮೇಲೆ ‘ಓ’ ಅಂತ ಬರೆದು ಕಳಿಸಿದರೆ ಅಲ್ಲಿಗೇ ಮುಗಿಯಿತು.

ನನ್ನ ಪ್ರಕಾರ ಶುರು ಮಾಡಬೇಕಾದದ್ದು ಬಸುರಿಯರಿಂದ. ನಮ್ಮ ರಾಜ್ಯದಲ್ಲಿ ಪ್ರತಿ ಬಸುರಿಗೂ ತಾಯಿ ಕಾರ್ಡ್ ಇರುತ್ತದೆ, ಅದರಲ್ಲಿ ಬ್ಲಡ್ ಗ್ರೂಪ್ ಬರೆಯುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಎಲ್ಲರನ್ನೂ ತಪಾಸಣೆಗೆ ಕರೆತರುತ್ತಾರೆ. ರಕ್ತವನ್ನು ಹೇಗೂ ತೆಗೆಯುತ್ತಾರೆ. ಸ್ಲೈಡ್‌ನಲ್ಲಿ ಓ ಬಂದವರ ಸ್ಯಾಂಪಲ್ ಅನ್ನಾದರೂ ಜಿಲ್ಲಾ ರಕ್ತ ಕೇಂದ್ರಕ್ಕೆ ಕಳಿಸಿ, ಓ ಕಣ ಸೇರಿಸಿದ ರಿವರ್ಸ್ ಗ್ರೂಪಿಂಗ್ ಮಾಡಿಸಬಹುದು. ಖರ್ಚು ಒಂದು ಟ್ಯೂಬ್, ಒಂದು ಹನಿ ಕಣ, ಟೆಕ್ನಿಷಿಯನ್‌ನ ಕೆಲವು ನಿಮಿಷ. ಆಂಟಿಬಾಡಿ ಸ್ಕ್ರೀನಿಂಗ್ ಕೂಡ ಸೇರಿದರೆ ಇನ್ನೂ ಒಳ್ಳೆಯದು. ಹಿಂದೆ ರಕ್ತ ಪಡೆದವರಿಗೆ, ಎರಡನೇ ಮೂರನೇ ಹೆರಿಗೆಯವರಿಗೆ ಅದು ಮುಖ್ಯ. ಇಂಥ ಪ್ರತಿಕಾಯಗಳು ಹುಟ್ಟುವುದು ಹೆಚ್ಚಾಗಿ ಅವರಲ್ಲೇ.

ಮೂರನೇ ತಿಂಗಳಲ್ಲಿ ಗೊತ್ತಾದರೆ ಕೈಯಲ್ಲಿ ಆರು ತಿಂಗಳಿರುತ್ತದೆ. ರಕ್ತಹೀನತೆ ಇದ್ದರೆ ಕಬ್ಬಿಣಾಂಶ ಕೊಟ್ಟು ಸರಿಮಾಡಬಹುದು. ಅಣ್ಣತಮ್ಮಂದಿರ, ಅಕ್ಕತಂಗಿಯರ ರಕ್ತ ನೋಡಿಸಬಹುದು. ನೋಂದಣಿಯಲ್ಲಿರುವ ದಾನಿಯನ್ನು ಹುಡುಕಿ ಮಾತಾಡಿಡಬಹುದು. ಹೆರಿಗೆಯನ್ನು ತಾಲ್ಲೂಕಿನ ಬದಲು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸುವ ಹಾಗೆ ಬರೆದಿಡಬಹುದು. ಬೇರ್ಪಡಿಸಿದ ಕೆಂಪು ಕಣಗಳನ್ನು ಸರಿಯಾದ ದ್ರಾವಣದಲ್ಲಿ 42 ದಿನ ಇಡಬಹುದು. ಹೆರಿಗೆಯ ದಿನಕ್ಕೆ ಎರಡು ವಾರ ಮುಂಚೆ ದಾನಿಯನ್ನು ಕರೆಸಿದರೆ ಸಾಕು, ದಿನ ಹಿಂದುಮುಂದಾದರೂ ಚೀಲ ಫ್ರಿಡ್ಜ್‌ನಲ್ಲಿ ಸಿದ್ಧವಿರುತ್ತದೆ.